ಡ್ರೈವರಿನ ಒಂದು ಭಾಗವನ್ನು ಐಚ್ಛಿಕವಾಗಿಸುವುದು: ಲಿನಕ್ಸ್ ಕರ್ನಲ್‌ನಲ್ಲಿ ನಾನು ಅನುಸರಿಸುವ ಕ್ರಮ

ನನ್ನ ಮೇಜಿನ ಮೇಲಿದ್ದ ಬೋರ್ಡಿನಲ್ಲಿ ಕರ್ನಲ್ ಇಮೇಜಿಗೆಂದು ಮೀಸಲಿಟ್ಟ ಫ್ಲಾಶ್ ಜಾಗ 4 ಎಂಬಿ. ಕರ್ನಲ್‌ನ ಹೊಸ ಆವೃತ್ತಿಗೆ ಬಂದಾಗ ಇಮೇಜ್ ಆ ಮಿತಿಯನ್ನು 11 ಕೆಬಿಯಷ್ಟು ಮೀರಿತು. ಬೇಡದ ಫೈಲ್ ಸಿಸ್ಟಮ್, ಬೇಡದ ಪ್ರೋಟೋಕಾಲ್, ಎಲ್ಲವನ್ನೂ ಕಿತ್ತು ಹಾಕಿದ ಮೇಲೆ ಕಣ್ಣಿಗೆ ಬಿದ್ದದ್ದು ನೆಟ್‌ವರ್ಕ್ ಡ್ರೈವರ್. ಅದರೊಳಗೆ ಚಿಪ್‌ನ ತಾಪಮಾನವನ್ನು ಓದಿ ಬಳಕೆದಾರರಿಗೆ ತೋರಿಸುವ ಭಾಗವೊಂದಿತ್ತು. ಆ ಒಂದು ಭಾಗಕ್ಕಾಗಿ ಡ್ರೈವರ್, ಕರ್ನಲ್‌ನ ಹಾರ್ಡ್‌ವೇರ್ ಮಾನಿಟರ್ ಉಪವ್ಯವಸ್ಥೆಯನ್ನು ಇಡಿಯಾಗಿ ತನ್ನ ಜೊತೆಗೆ ಎಳೆದು ತರುತ್ತಿತ್ತು. ನಮ್ಮ ಬೋರ್ಡಿನಲ್ಲಿ ಆ ತಾಪಮಾನವನ್ನು ನೋಡುವವರು ಯಾರೂ ಇರಲಿಲ್ಲ. ಅದನ್ನು ಬೇಡವೆನ್ನುವ ದಾರಿಯೂ ಇರಲಿಲ್ಲ.

ಅವಸರದಲ್ಲಿದ್ದ ನಾನು ಡ್ರೈವರಿನ ಸಿ ಕಡತದಲ್ಲಿ 14 ಕಡೆ ಇಫ್‌ಡೆಫ್ (ಒಂದು ಹೆಸರು ಡಿಫೈನ್ ಆಗಿದ್ದರೆ ಮಾತ್ರ ಮುಂದಿನ ಸಾಲುಗಳನ್ನು ಕಂಪೈಲ್ ಮಾಡಿಸುವ ಷರತ್ತು) ಹಾಕಿದೆ. ಇಮೇಜ್ ಜಾಗದೊಳಗೆ ಹಿಡಿಯಿತು, ಬೋರ್ಡ್ ಬೂಟ್ ಆಯಿತು, ಕೆಲಸ ಮುಗಿಯಿತೆಂದುಕೊಂಡೆ. ಕೆಲವು ವಾರಗಳ ನಂತರ, ಅದೇ ಡ್ರೈವರನ್ನು ದೊಡ್ಡ ಯಂತ್ರಗಳಲ್ಲಿ ಬಳಸುತ್ತಿದ್ದ ಸಹೋದ್ಯೋಗಿಯೊಬ್ಬರು ಬಂದು, ತಾಪಮಾನದ ಕಡತವೇ ಮಾಯವಾಗಿದೆ ಎಂದರು. ಕಂಪೈಲ್ ಮಾಡುವಾಗ ಒಂದು ಎಚ್ಚರಿಕೆಯೂ ಬಂದಿರಲಿಲ್ಲ. ಅವರು ಆ ಉಪವ್ಯವಸ್ಥೆಯನ್ನು ಮಾಡ್ಯೂಲ್ ಆಗಿ, ಅಂದರೆ ಬೇಕಾದಾಗ ಲೋಡ್ ಆಗುವ ಪ್ರತ್ಯೇಕ ಕಡತವಾಗಿ, ಇಟ್ಟುಕೊಂಡಿದ್ದರು. ನನ್ನ ಇಫ್‌ಡೆಫ್‌ಗಳಿಗೆ ಮಾಡ್ಯೂಲ್ ಎಂಬ ಸ್ಥಿತಿಯೇ ಗೊತ್ತಿರಲಿಲ್ಲ. ಅದನ್ನು ಸರಿಪಡಿಸಲು ಹೋದಾಗ ಇನ್ನೊಬ್ಬರ ಬಿಲ್ಡ್ ಲಿಂಕ್ ಹಂತದಲ್ಲಿ ಮುರಿದುಬಿತ್ತು. ಆ ಎರಡು ಪೆಟ್ಟು ತಿಂದ ಮೇಲೆ ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿ ಭಾಷೆ ತಿಳಿದಿದ್ದು, ಒಮ್ಮೆಯಾದರೂ ಕರ್ನಲ್ ಕಂಪೈಲ್ ಮಾಡಿದವರಿಗೆ ಇದು ಸಾಕು. ಕೋಡ್ ಸಾಲುಗಳನ್ನು ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಡತದಲ್ಲಿ ಅವು ರೋಮನ್ ಅಕ್ಷರಗಳಲ್ಲೇ ಇರಬೇಕು.

ಮೊದಲು ಗೆರೆ ಎಳೆಯಿರಿ

ಕೋಡಿಗೆ ಕೈ ಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಈ ಭಾಗವಿಲ್ಲದೆ ಸಾಧನ ಸುರಕ್ಷಿತವಾಗಿ ಕೆಲಸ ಮಾಡುತ್ತದೆಯೇ? ನನ್ನ ಡ್ರೈವರಿನಲ್ಲಿ ಮೇಲ್ನೋಟಕ್ಕೆ ಉತ್ತರ ಹೌದು ಎಂದೇ ಇತ್ತು. ತಾಪಮಾನವನ್ನು ತೋರಿಸದಿದ್ದರೆ ಪ್ಯಾಕೆಟ್‌ಗಳಿಗೆ ಏನಾಗಬೇಕು? ಆದರೆ ತಾಪಮಾನ ಓದುವ ಫಂಕ್ಷನ್ ಅನ್ನು ಯಾರು ಯಾರು ಕರೆಯುತ್ತಾರೆ ಎಂದು ಒಂದೊಂದಾಗಿ ಹುಡುಕಿದಾಗ ಮೂರನೆಯ ಕರೆ ಬೇರೆಯದೇ ಕಡೆ ಸಿಕ್ಕಿತು. ಲಿಂಕ್ ಸ್ಥಿತಿಯನ್ನು ಆಗಾಗ ಪರಿಶೀಲಿಸುವ ಕೆಲಸವೊಂದು ಡ್ರೈವರಿನಲ್ಲಿತ್ತು. ಚಿಪ್ ಮಿತಿಮೀರಿ ಬಿಸಿಯಾದರೆ ವೇಗವನ್ನು ಇಳಿಸುತ್ತಿದ್ದದ್ದು ಅದೇ. ತಾಪಮಾನದ ಕೋಡನ್ನು ಹಾಗೆಯೇ ಕತ್ತರಿಸಿದ್ದರೆ ಆ ರಕ್ಷಣೆಯೂ ಅದರ ಜೊತೆ ಹೋಗುತ್ತಿತ್ತು.

ಆದ್ದರಿಂದ ಗೆರೆಯನ್ನು ಸ್ವಲ್ಪ ಸರಿಸಿದೆ. ರಿಜಿಸ್ಟರ್‌ನಿಂದ ಸಂಖ್ಯೆಯನ್ನು ಓದುವ ಪುಟ್ಟ ಫಂಕ್ಷನ್ ಮುಖ್ಯ ಡ್ರೈವರಿನಲ್ಲೇ ಉಳಿಯಿತು. ಆ ಸಂಖ್ಯೆಯನ್ನು ಬಳಕೆದಾರರ ಮುಂದಿಡುವ ಭಾಗ, ಅಂದರೆ ಹಾರ್ಡ್‌ವೇರ್ ಮಾನಿಟರ್‌ನಲ್ಲಿ ನೋಂದಣಿ ಮಾಡಿಸುವುದು, ಹೆಸರು ಕೊಡುವುದು, ಡಿಗ್ರಿಗೆ ಪರಿವರ್ತಿಸುವುದು, ಇಷ್ಟು ಮಾತ್ರ ಐಚ್ಛಿಕವಾಯಿತು. ಈ ಹಂತಕ್ಕೆ ಅರ್ಧ ದಿನ ಹೋದರೂ ಹೋಗಲಿ. ಗೆರೆ ತಪ್ಪಿದರೆ ಮುಂದಿನ ಯಾವ ಜಾಣ್ಮೆಯೂ ಅದನ್ನು ಸರಿಪಡಿಸಲಾರದು.

ಬೇರೆ ಕಡತಕ್ಕೆ ಸಾಗಿಸಿ

ಐಚ್ಛಿಕ ಭಾಗವನ್ನು ಅದರದೇ ಆದ ಸಿ ಕಡತಕ್ಕೆ ಸಾಗಿಸಿ. ಇದು ಪ್ರತ್ಯೇಕ ಕಮಿಟ್ ಆಗಿರಲಿ, ಇದರಲ್ಲಿ ವರ್ತನೆ ಒಂದಿಷ್ಟೂ ಬದಲಾಗದಿರಲಿ. ಗಿಟ್‌ನ ಡಿಫ್ ಆದೇಶಕ್ಕೆ ಕಲರ್-ಮೂವ್ಡ್ ಎಂಬ ಆಯ್ಕೆ ಕೊಟ್ಟರೆ, ಜಾಗ ಬದಲಿಸಿದ ಸಾಲುಗಳು ಬೇರೆ ಬಣ್ಣದಲ್ಲಿ ಕಾಣುತ್ತವೆ. ಪರಿಶೀಲಿಸುವವರಿಗೆ ನಿಜವಾಗಿ ಬದಲಾದ ನಾಲ್ಕೈದು ಸಾಲುಗಳ ಮೇಲೆ ಕಣ್ಣಿಡುವುದು ಸುಲಭವಾಗುತ್ತದೆ. ಮುಂದೆಂದಾದರೂ ದೋಷ ತಂದ ಕಮಿಟ್ ಯಾವುದೆಂದು ಹುಡುಕುತ್ತಾ ಬೈಸೆಕ್ಟ್ ಮಾಡುವವರಿಗೂ ಈ ವಿಂಗಡಣೆ ನೆರವಾಗುತ್ತದೆ.

ಸಾಗಿಸುವಾಗ ಸ್ಟ್ರಕ್ಟ್‌ಗಳತ್ತಲೂ ಗಮನ ಕೊಡಿ. ಐಚ್ಛಿಕ ಭಾಗಕ್ಕೆ ಮಾತ್ರ ಬೇಕಾದ ಐದಾರು ಸದಸ್ಯಗಳು ಡ್ರೈವರಿನ ದೊಡ್ಡ ಸ್ಟ್ರಕ್ಟ್‌ನಲ್ಲಿ ಚದುರಿಕೊಂಡಿರುತ್ತವೆ. ಅವನ್ನೆಲ್ಲ ಹೊಸ ಕಡತದೊಳಗಿನ ಸಣ್ಣ ಸ್ಟ್ರಕ್ಟ್‌ಗೆ ಸೇರಿಸಿ, ದೊಡ್ಡದರಲ್ಲಿ ಒಂದು ಪಾಯಿಂಟರ್ ಮಾತ್ರ ಉಳಿಸುತ್ತೇನೆ. ಆ ಪಾಯಿಂಟರ್ ಅನ್ನು ಇಫ್‌ಡೆಫ್‌ನೊಳಗೆ ಅಡಗಿಸುವುದಿಲ್ಲ. ನಾಲ್ಕೋ ಎಂಟೋ ಬೈಟ್ ಉಳಿಸಲು ಹೋಗಿ ಕಡತದ ತುಂಬ ಷರತ್ತುಗಳನ್ನು ಬಿತ್ತುವುದು ನಷ್ಟದ ವ್ಯಾಪಾರ.

ಕೆಕಾನ್ಫಿಗ್‌ನಲ್ಲಿ ಆಯ್ಕೆಯನ್ನು ಸೇರಿಸಿ

ಯಾವ ಯಾವ ಭಾಗ ಸೇರಬೇಕೆಂದು ಆರಿಸುವ ಕೆಕಾನ್ಫಿಗ್ ವ್ಯವಸ್ಥೆ ಕರ್ನಲ್‌ಗೆ ಬಂದದ್ದು 2002ರಲ್ಲಿ. ಅಲ್ಲಿನ ಆಯ್ಕೆಗಳಲ್ಲಿ ಡ್ರೈವರ್ ಬರೆಯುವವರಿಗೆ ಮುಖ್ಯವಾದ ಬಗೆ ಎರಡು. ಬೂಲ್ ಎಂದರೆ ಇದೆ ಅಥವಾ ಇಲ್ಲ. ಟ್ರೈಸ್ಟೇಟ್ ಎಂದರೆ ಮೂರು ಸ್ಥಿತಿ: ವೈ ಎಂದರೆ ಕರ್ನಲ್‌ನೊಳಗೇ ಸೇರಿದ್ದು, ಎಂ ಎಂದರೆ ಮಾಡ್ಯೂಲ್, ಎನ್ ಎಂದರೆ ಇಲ್ಲ. ಡ್ರೈವರ್ ತಾನೇ ಟ್ರೈಸ್ಟೇಟ್ ಆಗಿರುತ್ತದೆ. ಅದರೊಳಗಿನ ಒಂದು ಭಾಗವನ್ನು ಸೇರಿಸುವುದೋ ಬಿಡುವುದೋ ಎಂಬ ಆಯ್ಕೆಗೆ ಬೂಲ್ ಸಾಕು. ನನ್ನ ಡ್ರೈವರನ್ನು ಇಲ್ಲಿ ನೆಟ್‌ಕಾರ್ಡ್ ಎಂದು ಕರೆಯೋಣ. ಹಾರ್ಡ್‌ವೇರ್ ಮಾನಿಟರ್‌ನ ಸಂಕೇತ ಎಚ್‌ಡಬ್ಲ್ಯೂಮಾನ್. ಕೊನೆಗೆ ನಾನು ಬರೆದದ್ದು ಹೀಗಿತ್ತು:

ಕಾನ್ಫಿಗ್ ನೆಟ್‌ಕಾರ್ಡ್_ಟೆಂಪ್
    ಬೂಲ್ "ನೆಟ್‌ಕಾರ್ಡ್ ಚಿಪ್‌ನ ತಾಪಮಾನ ವರದಿ"
    ಡಿಪೆಂಡ್ಸ್ ಆನ್ ನೆಟ್‌ಕಾರ್ಡ್ && ಎಚ್‌ಡಬ್ಲ್ಯೂಮಾನ್
    ಡಿಪೆಂಡ್ಸ್ ಆನ್ !(ನೆಟ್‌ಕಾರ್ಡ್=ವೈ && ಎಚ್‌ಡಬ್ಲ್ಯೂಮಾನ್=ಎಂ)
    ಡಿಫಾಲ್ಟ್ ವೈ

ಇದರ ಕೆಳಗೆ ಹೆಲ್ಪ್ ಪಠ್ಯ. ಅಲ್ಲಿ ಆಯ್ಕೆಯ ಹೆಸರನ್ನೇ ಮತ್ತೊಮ್ಮೆ ಹೇಳಿ ಕೈತೊಳೆದುಕೊಳ್ಳಬೇಡಿ. ಆಯ್ಕೆ ಮಾಡುವವರು ತಿಳಿಯಬೇಕಾದದ್ದು ಒಂದೇ: ಬೇಡವೆಂದರೆ ಏನನ್ನು ಕಳೆದುಕೊಳ್ಳುತ್ತೇನೆ? ನಾನು ಬರೆದದ್ದು ಇದು: "ಇದನ್ನು ಕೈಬಿಟ್ಟರೆ ತಾಪಮಾನ ಸಿಸ್‌ಎಫ್‌ಎಸ್‌ನಲ್ಲಿ ಕಾಣುವುದಿಲ್ಲ. ಚಿಪ್ ಬಿಸಿಯಾದಾಗ ವೇಗ ಇಳಿಸುವ ರಕ್ಷಣೆ ಎಂದಿನಂತೆ ಇರುತ್ತದೆ." ಸಿಸ್‌ಎಫ್‌ಎಸ್ ಎಂದರೆ ಸಾಧನಗಳ ಮಾಹಿತಿಯನ್ನು ಕರ್ನಲ್ ಕಡತಗಳ ರೂಪದಲ್ಲಿ ತೋರಿಸುವ ಜಾಗ.

ಡಿಫಾಲ್ಟ್ ವೈ ಎಂಬ ಸಾಲಿನ ಬಗ್ಗೆ ಎರಡು ಮಾತು. ಹೊಸ ಸೌಲಭ್ಯಗಳಿಗೆ ಹಾಗೆ ಬರೆಯುವುದನ್ನು ಕರ್ನಲ್ ಬಳಗ ಒಪ್ಪುವುದಿಲ್ಲ, ಅದು ಸರಿಯೂ ಹೌದು. ಪ್ರತಿಯೊಬ್ಬರೂ ತಮ್ಮ ಕೋಡೇ ಎಲ್ಲರಿಗೂ ಬೇಕೆಂದುಕೊಂಡರೆ ಇಮೇಜ್ ಊದುತ್ತಲೇ ಹೋಗುತ್ತದೆ. ಆದರೆ ಇಲ್ಲಿಯವರೆಗೆ ಕಡ್ಡಾಯವಾಗಿ ಸೇರುತ್ತಿದ್ದ ಕೋಡನ್ನು ಈಗ ಐಚ್ಛಿಕವಾಗಿಸುತ್ತಿದ್ದರೆ ಡಿಫಾಲ್ಟ್ ವೈ ಇರಲೇಬೇಕು ಎಂದು ಕರ್ನಲ್‌ನ ದಾಖಲೆಯೇ ಹೇಳುತ್ತದೆ. ಹಳೆಯ ಕಾನ್ಫಿಗ್ ಕಡತವನ್ನು ಹೊಸ ಕರ್ನಲ್‌ಗೆ ತಂದು, ಹೊಸ ಆಯ್ಕೆಗಳಿಗೆಲ್ಲ ಡಿಫಾಲ್ಟ್ ಮೌಲ್ಯ ತುಂಬುವ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸುವವರಿಗೆ ಯಾರೂ ಏನನ್ನೂ ಕೇಳುವುದಿಲ್ಲ. ಡಿಫಾಲ್ಟ್ ಇಲ್ಲದಿದ್ದರೆ ಅವರ ಬಳಿ ನಿನ್ನೆಯವರೆಗೆ ಇದ್ದದ್ದು ಸದ್ದಿಲ್ಲದೆ ಹೋಗಿಬಿಡುತ್ತದೆ.

ಮೊದಲು ಡ್ರೈವರಿನಲ್ಲಿ ಸೆಲೆಕ್ಟ್ ಎಚ್‌ಡಬ್ಲ್ಯೂಮಾನ್ ಎಂಬ ಸಾಲಿತ್ತು. ಅದನ್ನು ತೆಗೆದೆ. ಸೆಲೆಕ್ಟ್ ಬಲವಂತ ಮಾಡುತ್ತದೆ. ತಾನು ಎಳೆದು ತರುವ ಸಂಕೇತಕ್ಕೆ ಏನೇನು ಬೇಕು ಎಂಬುದನ್ನು ಅದು ಲೆಕ್ಕಿಸುವುದಿಲ್ಲ. ಮೆನುವಿನಲ್ಲಿ ಕಾಣದ, ಬೇರೇನನ್ನೂ ಅವಲಂಬಿಸದ ಸಹಾಯಕ ಸಂಕೇತಗಳಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಎಂ ಎಂಬ ಮೂರನೆಯ ಸ್ಥಿತಿ

ಮೇಲಿನ ನಾಲ್ಕನೆಯ ಸಾಲು ಏಕೆ ಬೇಕು? ಇದೇ ಈ ಕೆಲಸದ ತಿರುಳು, ನಾನು ಎರಡು ಬಾರಿ ಎಡವಿದ್ದೂ ಇಲ್ಲೇ.

ಕರ್ನಲ್‌ನೊಳಗೆ ಸೇರಿದ ಕೋಡ್ ಲಿಂಕ್ ಆಗುವಾಗ ತನಗೆ ಬೇಕಾದ ಪ್ರತಿ ಫಂಕ್ಷನ್‌ನ ವಿಳಾಸವೂ ಅಲ್ಲೇ ಸಿಗಬೇಕು. ಮಾಡ್ಯೂಲ್ ಲೋಡ್ ಆಗುವುದು ಬಹಳ ತಡವಾಗಿ, ಕೆಲವೊಮ್ಮೆ ಆಗುವುದೇ ಇಲ್ಲ. ಆದ್ದರಿಂದ ಮಾಡ್ಯೂಲ್ ಕರ್ನಲ್‌ನ ಫಂಕ್ಷನ್ ಅನ್ನು ಕರೆಯಬಹುದು, ಕರ್ನಲ್ ಮಾಡ್ಯೂಲಿನದನ್ನು ನೇರವಾಗಿ ಕರೆಯಲಾಗದು. ಡ್ರೈವರ್ ವೈ, ಹಾರ್ಡ್‌ವೇರ್ ಮಾನಿಟರ್ ಎಂ ಆದಾಗ ಬರುವ ದೋಷ ಇದೇ: ಅನ್‌ಡಿಫೈನ್ಡ್ ರೆಫರೆನ್ಸ್.

ಡಿಪೆಂಡ್ಸ್ ಆನ್ ಎಚ್‌ಡಬ್ಲ್ಯೂಮಾನ್ ಎಂದು ಬರೆದಿದ್ದರೆ ಕೆಕಾನ್ಫಿಗ್ ತಾನಾಗಿಯೇ ತಡೆಯಬೇಕಲ್ಲವೇ ಎನಿಸಬಹುದು. ಟ್ರೈಸ್ಟೇಟ್ ಆಗಿದ್ದರೆ ತಡೆಯುತ್ತಿತ್ತು: ಅವಲಂಬನೆ ಎಂ ಆದರೆ ಅದಕ್ಕಿಂತ ಮೇಲೆ ಹೋಗಲು ಬಿಡುತ್ತಿರಲಿಲ್ಲ. ಆದರೆ ಬೂಲ್‌ಗೆ ಎಂ ಎಂಬ ಸ್ಥಿತಿಯೇ ಇಲ್ಲ. ಅವಲಂಬನೆ ಎಂ ಇದ್ದರೂ ಬೂಲ್ ಅನ್ನು ವೈ ಮಾಡಲು ಕೆಕಾನ್ಫಿಗ್ ಒಪ್ಪುತ್ತದೆ. ಹೀಗಾಗಿ ಆ ಒಂದು ಜೋಡಿಯನ್ನು ನಾವೇ ಹೆಸರಿಸಿ ನಿಷೇಧಿಸಬೇಕು. ಇದು ನನ್ನ ಕಲ್ಪನೆಯ ಸೂತ್ರವಲ್ಲ. ಇಂಟೆಲ್‌ನ ಗಿಗಾಬಿಟ್ ಕಾರ್ಡ್‌ಗಳ ಐಜಿಬಿ ಡ್ರೈವರಿನಲ್ಲಿ ತಾಪಮಾನದ ಆಯ್ಕೆಗೆ ಇರುವ ಷರತ್ತು ಇದೇ ರೂಪದ್ದು. ಕರ್ನಲ್ ಮೂಲದಲ್ಲಿ ಅದನ್ನು ತೆರೆದು ನೋಡಿ.

ಇನ್ನೊಂದು ಸನ್ನಿವೇಶವಿದೆ. ಪ್ರತ್ಯೇಕ ಆಯ್ಕೆಯೇ ಬೇಡ. ಉಪವ್ಯವಸ್ಥೆ ಇದ್ದರೆ ಡ್ರೈವರ್ ಬಳಸಿಕೊಳ್ಳಲಿ, ಇಲ್ಲದಿದ್ದರೆ ಬಿಡಲಿ. ಆಗ ಡ್ರೈವರಿಗೇ ಒಂದು ವಿಚಿತ್ರವಾಗಿ ಕಾಣುವ ಸಾಲು ಸೇರಿಸುತ್ತಾರೆ:

ಡಿಪೆಂಡ್ಸ್ ಆನ್ ಎಚ್‌ಡಬ್ಲ್ಯೂಮಾನ್ || !ಎಚ್‌ಡಬ್ಲ್ಯೂಮಾನ್

ಇದೆ ಅಥವಾ ಇಲ್ಲ ಎಂಬುದು ಯಾವಾಗಲೂ ನಿಜವಲ್ಲವೇ, ಈ ಸಾಲಿನಿಂದ ಏನು ಉಪಯೋಗ ಎಂದು ನಾನೂ ತಲೆ ಕೆಡಿಸಿಕೊಂಡಿದ್ದೆ. ಲೆಕ್ಕ ಮಾಡಿದರೆ ತಿಳಿಯುತ್ತದೆ. ಕೆಕಾನ್ಫಿಗ್ ಒಳಗೆ ಎನ್ ಎಂದರೆ 0, ಎಂ ಎಂದರೆ 1, ವೈ ಎಂದರೆ 2. ಅಥವಾ ಎಂಬುದು ಎರಡರಲ್ಲಿ ದೊಡ್ಡದನ್ನು ಕೊಡುತ್ತದೆ. ಅಲ್ಲ ಎಂಬುದು 2ರಿಂದ ಕಳೆಯುತ್ತದೆ. ಹಾರ್ಡ್‌ವೇರ್ ಮಾನಿಟರ್ ವೈ ಆದರೆ 2 ಮತ್ತು 0, ದೊಡ್ಡದು 2. ಎನ್ ಆದರೆ 0 ಮತ್ತು 2, ದೊಡ್ಡದು 2. ಎಂ ಆದರೆ 1 ಮತ್ತು 1, ದೊಡ್ಡದು 1. ಅಂದರೆ ಉಪವ್ಯವಸ್ಥೆ ಮಾಡ್ಯೂಲ್ ಆಗಿರುವಾಗ ಮಾತ್ರ ಡ್ರೈವರ್ ಕೂಡ ಮಾಡ್ಯೂಲ್ ಆಗಿಯೇ ಇರಬೇಕಾಗುತ್ತದೆ. ಮಿಕ್ಕೆರಡು ಸ್ಥಿತಿಗಳಲ್ಲಿ ಅದಕ್ಕೆ ಕಡಿವಾಣವಿಲ್ಲ. ನೆಟ್‌ವರ್ಕ್ ಕಾರ್ಡ್‌ಗಳ ನಿಖರ ಗಡಿಯಾರ ವ್ಯವಸ್ಥೆಯಾದ ಪಿಟಿಪಿಗೆ ಇದೇ ತೊಂದರೆ ಎಷ್ಟೋ ಡ್ರೈವರ್‌ಗಳಲ್ಲಿ ಎದುರಾದ್ದರಿಂದ, 2021ರಲ್ಲಿ ಅದಕ್ಕೆಂದೇ ಪಿಟಿಪಿ_1588_ಕ್ಲಾಕ್_ಆಪ್ಷನಲ್ ಎಂಬ ಸಂಕೇತವನ್ನು ಸೇರಿಸಲಾಯಿತು. ಗಡಿಯಾರ ಇದ್ದರೂ ಇಲ್ಲದಿದ್ದರೂ ಸರಿ ಎನ್ನುವ ಡ್ರೈವರ್‌ಗಳು ಅದನ್ನು ಅವಲಂಬಿಸಿದರೆ ಸಾಕು, ಈ ಲೆಕ್ಕ ಅಲ್ಲೇ ಮುಗಿದಿರುತ್ತದೆ.

ಈಸ್_ರೀಚಬಲ್ ಎಂಬ ಮ್ಯಾಕ್ರೋ ಕೂಡ ಇದೆ. ಕರ್ನಲ್‌ನೊಳಗಿನ ಕೋಡಿನಿಂದ ಮಾಡ್ಯೂಲನ್ನು ತಲುಪಲಾಗದಿದ್ದರೆ ಅದು ಸುಳ್ಳೆಂದು ಹೇಳುತ್ತದೆ, ಬಿಲ್ಡ್ ಮುರಿಯುವುದಿಲ್ಲ. ನಾನು ಅದರಿಂದ ದೂರವಿರುತ್ತೇನೆ. ಮೆನುವಿನಲ್ಲಿ ಎರಡೂ ಇವೆ ಎಂದು ಕಂಡು, ಓಡುವಾಗ ಸೌಲಭ್ಯ ಇಲ್ಲವೆಂದಾದರೆ ಬಳಕೆದಾರರು ಎಲ್ಲಿ ಹುಡುಕಬೇಕು? ನನ್ನ ಸಹೋದ್ಯೋಗಿ ಪಟ್ಟ ಪಾಡೂ ಅದೇ ತಾನೆ.

ಮೇಕ್‌ಫೈಲ್

ಇಲ್ಲಿ ಹೆಚ್ಚು ಹೇಳಲು ಏನಿಲ್ಲ.

ಆಬ್ಜ್-$(ಕಾನ್ಫಿಗ್_ನೆಟ್‌ಕಾರ್ಡ್) += ನೆಟ್‌ಕಾರ್ಡ್.ಓ
ನೆಟ್‌ಕಾರ್ಡ್-ವೈ := ಮೇನ್.ಓ ರಿಂಗ್.ಓ
ನೆಟ್‌ಕಾರ್ಡ್-$(ಕಾನ್ಫಿಗ್_ನೆಟ್‌ಕಾರ್ಡ್_ಟೆಂಪ್) += ಟೆಂಪ್.ಓ

ಆಯ್ಕೆ ವೈ ಆದರೆ ಮೂರನೆಯ ಸಾಲು ನೆಟ್‌ಕಾರ್ಡ್-ವೈ ಆಗಿ ಪಟ್ಟಿಗೆ ಸೇರುತ್ತದೆ. ಇಲ್ಲದಿದ್ದರೆ ಹೈಫನ್‌ನ ಮುಂದೆ ಏನೂ ಇರುವುದಿಲ್ಲ, ಆ ಹೆಸರನ್ನು ಯಾರೂ ಓದುವುದಿಲ್ಲ. ಟೆಂಪ್ ಕಡತದೊಳಗೆ ಒಂದೂ ಇಫ್‌ಡೆಫ್ ಬೇಕಿಲ್ಲ.

ಹೆಡರ್‌ನಲ್ಲಿ ಖಾಲಿ ಫಂಕ್ಷನ್

ಮುಖ್ಯ ಕಡತ ಈಗಲೂ ತಾಪಮಾನದ ಆರಂಭ ಮತ್ತು ಮುಕ್ತಾಯದ ಫಂಕ್ಷನ್‌ಗಳನ್ನು ಕರೆಯುತ್ತದೆ. ಆ ಕರೆಗಳನ್ನು ಮುಟ್ಟಬೇಡಿ. ಷರತ್ತು ಇರಬೇಕಾದದ್ದು ಹೆಡರ್‌ನಲ್ಲಿ, ಒಂದೇ ಕಡೆ: ಆಯ್ಕೆ ಇದ್ದರೆ ನಿಜವಾದ ಫಂಕ್ಷನ್‌ಗಳ ಘೋಷಣೆ, ಇಲ್ಲದಿದ್ದರೆ ಅದೇ ಹೆಸರಿನ ಖಾಲಿ ಫಂಕ್ಷನ್‌ಗಳು. ಖಾಲಿಯವು ಸ್ಟಾಟಿಕ್ ಇನ್‌ಲೈನ್ ಆಗಿರಲಿ. ಸ್ಟಾಟಿಕ್ ಮರೆತರೆ ಹೆಡರನ್ನು ಸೇರಿಸಿಕೊಂಡ ಎರಡು ಕಡತಗಳು ಒಂದೇ ಹೆಸರಿಗಾಗಿ ಲಿಂಕ್ ಹಂತದಲ್ಲಿ ಕಾದಾಡುತ್ತವೆ; ಇನ್‌ಲೈನ್ ಮರೆತರೆ ಬಳಸದ ಫಂಕ್ಷನ್ ಎಂಬ ಎಚ್ಚರಿಕೆ ಕಡತ ಕಡತಕ್ಕೂ ಬರುತ್ತದೆ.

ಖಾಲಿ ಫಂಕ್ಷನ್ ಏನನ್ನು ಹಿಂದಿರುಗಿಸಬೇಕು ಎಂಬುದು ಯೋಚಿಸಿ ನಿರ್ಧರಿಸಬೇಕಾದ ಸಂಗತಿ. ಕರೆದವರು ಫಲಿತಾಂಶವನ್ನು ಬಳಸುವುದಿಲ್ಲ, ಆರಂಭ ಕೈಗೂಡಿತೇ ಎಂದು ಮಾತ್ರ ಕೇಳುತ್ತಾರೆ ಎಂದಾದರೆ 0. ಮಾಡಬೇಕಾದ ಕೆಲಸವೇ ಇಲ್ಲದಾಗ ಕೆಲಸ ಕೆಟ್ಟಿತೆಂದು ಹೇಳಿದರೆ ಡ್ರೈವರ್ ಪ್ರೋಬ್ ಹಂತದಲ್ಲೇ, ಅಂದರೆ ಸಾಧನವನ್ನು ಮೊದಲು ಸಜ್ಜುಗೊಳಿಸುವಾಗಲೇ, ನಿಂತುಬಿಡುತ್ತದೆ. ಕರೆದವರು ಒಂದು ಮೌಲ್ಯವನ್ನು ಪಡೆದು ಮುಂದೆ ಬಳಸುವವರಾದರೆ ಮಾತ್ರ ಬೆಂಬಲವಿಲ್ಲ ಎಂಬ ದೋಷ ಸಂಖ್ಯೆ, ಮೈನಸ್ ಇಆಪ್‌ನಾಟ್‌ಸಪ್. ರೆಗ್ಯುಲೇಟರ್ ಉಪವ್ಯವಸ್ಥೆಯ ಹೆಡರ್ ಇದಕ್ಕೆ ಒಳ್ಳೆಯ ಪಾಠ: ಅದನ್ನು ಕೈಬಿಟ್ಟಾಗ ರೆಗ್ಯುಲೇಟರ್_ಎನೇಬಲ್ ಎಂಬುದರ ಖಾಲಿ ರೂಪ 0 ಕೊಡುತ್ತದೆ, ಹಾಗಾಗಿ ಅದನ್ನು ಕರೆಯುವ ಡ್ರೈವರ್‌ಗಳಲ್ಲಿ ಷರತ್ತುಗಳೇ ಬೇಕಿಲ್ಲ.

ಒಂದೆರಡು ಸಾಲಿನ ವ್ಯತ್ಯಾಸಕ್ಕೆ ಸಿ ಕಡತದಲ್ಲೇ ಷರತ್ತು ಬೇಕಾದರೆ ಇಫ್‌ಡೆಫ್ ಬದಲು ಸಾಮಾನ್ಯ ಇಫ್‌ನೊಳಗೆ ಈಸ್_ಎನೇಬಲ್ಡ್ ಮ್ಯಾಕ್ರೋ ಬಳಸಿ. ಆಯ್ಕೆ ಎಂ ಆದಾಗ ಮೂಲ ಹೆಸರು ಡಿಫೈನ್ ಆಗಿರುವುದಿಲ್ಲ, ಕೊನೆಗೆ _ಮಾಡ್ಯೂಲ್ ಸೇರಿದ ಇನ್ನೊಂದು ಹೆಸರು ಡಿಫೈನ್ ಆಗಿರುತ್ತದೆ. ನನ್ನ ಹಳೆಯ ಇಫ್‌ಡೆಫ್‌ಗಳು ಕುರುಡಾದದ್ದು ಇದರಿಂದಲೇ. ಈಸ್_ಎನೇಬಲ್ಡ್ ಎರಡನ್ನೂ ನೋಡುತ್ತದೆ. ಮೇಲಾಗಿ, ಆಯ್ಕೆ ಇಲ್ಲದಿದ್ದಾಗಲೂ ಒಳಗಿನ ಕೋಡನ್ನು ಕಂಪೈಲರ್ ಓದಿ, ಟೈಪ್‌ಗಳನ್ನು ಪರಿಶೀಲಿಸಿ, ನಂತರವೇ ಬಿಸಾಡುತ್ತದೆ. ಯಾರೂ ಬಿಲ್ಡ್ ಮಾಡದ ಮೂಲೆಯಲ್ಲಿ ಕೋಡ್ ಕೊಳೆಯುವುದು ಹೀಗೆ ತಪ್ಪುತ್ತದೆ. ಆದರೆ ಅದು ಮುಟ್ಟುವ ಸ್ಟ್ರಕ್ಟ್ ಸದಸ್ಯ ಇಫ್‌ಡೆಫ್‌ನೊಳಗೆ ಅಡಗಿದ್ದರೆ ಕಂಪೈಲ್ ಆಗದು. ಪಾಯಿಂಟರನ್ನು ಬಯಲಲ್ಲೇ ಇಡಿ ಎಂದು ಆಗಲೇ ಹೇಳಿದ್ದು ಅದಕ್ಕೇ.

ಒಂಬತ್ತು ಬಿಲ್ಡ್‌ಗಳು

ಡ್ರೈವರ್ ವೈ ಅಥವಾ ಎಂ, ಹಾರ್ಡ್‌ವೇರ್ ಮಾನಿಟರ್ ವೈ, ಎಂ ಅಥವಾ ಎನ್: ಆರು ಜೋಡಿ. ಆರರಲ್ಲೂ ತಾಪಮಾನದ ಆಯ್ಕೆಯನ್ನು ಕೈಬಿಟ್ಟು ಬಿಲ್ಡ್ ಮಾಡಿ. ಅದನ್ನು ಸೇರಿಸಲು ಸಾಧ್ಯವಿರುವುದು ಮೂರರಲ್ಲಿ ಮಾತ್ರ: ಎರಡೂ ವೈ, ಎರಡೂ ಎಂ, ಡ್ರೈವರ್ ಎಂ ಮತ್ತು ಮಾನಿಟರ್ ವೈ. ಒಟ್ಟು ಒಂಬತ್ತು. ಪ್ರತಿ ಬಿಲ್ಡ್‌ಗೂ ಬೇರೆ ಔಟ್‌ಪುಟ್ ಡೈರೆಕ್ಟರಿ ಕೊಟ್ಟರೆ ಎರಡನೆಯ ಸುತ್ತಿನಿಂದ ಬೇಗ ಮುಗಿಯುತ್ತವೆ.

ಸ್ಥಿತಿ ಬದಲಿಸಲು ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿ ಕಾನ್ಫಿಗ್ ಎಂಬ ಸಣ್ಣ ಸಾಧನವಿದೆ. ಎನೇಬಲ್, ಮಾಡ್ಯೂಲ್, ಡಿಸೇಬಲ್ ಎಂದು ಹೇಳಿದರೆ ಸಾಕು. ಆದರೆ ಅದು ಅವಲಂಬನೆಗಳನ್ನು ನೋಡುವುದಿಲ್ಲ. ಬದಲಿಸಿದ ಮೇಲೆ ಓಲ್ಡ್‌ಡೆಫ್‌ಕಾನ್ಫಿಗ್ ಓಡಿಸಿ, ನಂತರ ಡಾಟ್‌ಕಾನ್ಫಿಗ್ ಕಡತವನ್ನು ತೆರೆದು ನೀವು ಕೇಳಿದ್ದೇ ಉಳಿದಿದೆಯೇ ಎಂದು ನೋಡಿ. ಹೊಂದದ ಸಾಲನ್ನು ಕೆಕಾನ್ಫಿಗ್ ಸದ್ದಿಲ್ಲದೆ ಅಳಿಸುತ್ತದೆ. ನೋಡದೆ ಮುಂದುವರಿದರೆ ಒಂದೇ ಬಿಲ್ಡನ್ನು ನಾಲ್ಕು ಬಾರಿ ಮಾಡಿ ನಾಲ್ಕೂ ಗೆದ್ದವೆಂದು ನಂಬಿಬಿಡುತ್ತೀರಿ.

ಡ್ರೈವರಿನ ಡೈರೆಕ್ಟರಿಯನ್ನು ಮಾತ್ರ ಬಿಲ್ಡ್ ಮಾಡಿ ನಿಲ್ಲಿಸಬೇಡಿ. ಅಲ್ಲಿ ಕಂಪೈಲ್ ಮಾತ್ರ ಆಗುತ್ತದೆ. ವೈ ಮತ್ತು ಎಂ ನಡುವಿನ ಒಡಕು ಹೊರಬೀಳುವುದು ವಿಎಂಲಿನಕ್ಸ್ (ಸಂಕುಚಿತಗೊಳಿಸುವ ಮೊದಲಿನ ಇಡೀ ಕರ್ನಲ್ ಕಡತ) ಲಿಂಕ್ ಆಗುವಾಗ, ಮಾಡ್ಯೂಲ್‌ಗಳ ಒಡಕು ಅವುಗಳಿಗೆ ಬೇಕಾದ ಹೆಸರುಗಳು ಸಿಗುತ್ತವೆಯೇ ಎಂದು ನೋಡುವ ಮಾಡ್‌ಪೋಸ್ಟ್ ಹಂತದಲ್ಲಿ. ಒಂಬತ್ತೂ ಆದ ಮೇಲೆ, ಆಯ್ಕೆಗಳನ್ನು ಮನಬಂದಂತೆ ಆರಿಸುವ ರ‍್ಯಾಂಡ್‌ಕಾನ್ಫಿಗ್ ಅನ್ನು ಕೆಲವು ಬಾರಿ ಓಡಲು ಬಿಡಿ. ನೀವು ಊಹಿಸದ ಜೋಡಿಗಳನ್ನು ಅದು ತಂದು ಮುಂದಿಡುತ್ತದೆ.

ಇಷ್ಟಾದ ಮೇಲೆ ನಿಜವಾದ ಯಂತ್ರ. ಆಯ್ಕೆ ಇಲ್ಲದ ಕರ್ನಲ್‌ನಲ್ಲಿ ಬೂಟ್ ಮಾಡಿ, ಡ್ರೈವರನ್ನು ತೆಗೆದು ಮತ್ತೆ ಲೋಡ್ ಮಾಡಿ. ಮುಕ್ತಾಯದ ದಾರಿಯಲ್ಲಿ, ಎಂದೂ ನೋಂದಣಿಯಾಗದ ವಸ್ತುವನ್ನು ಬಿಡುಗಡೆ ಮಾಡಲು ಹೋಗುವ ತಪ್ಪು ಬಿಲ್ಡ್‌ನಲ್ಲಿ ಕಾಣುವುದಿಲ್ಲ.

ಯಾವುದನ್ನು ಹಾಗೆಯೇ ಬಿಡಬೇಕು

ಒಮ್ಮೆ ಕೈ ಕುದುರಿದರೆ ಎಲ್ಲವನ್ನೂ ಐಚ್ಛಿಕವಾಗಿಸುವ ಆಸೆ ಹುಟ್ಟುತ್ತದೆ. ಒಂದು ಡ್ರೈವರಿನಲ್ಲಿ ಹತ್ತು ಬೂಲ್ ಆಯ್ಕೆಗಳಿದ್ದರೆ 1024 ರೂಪಗಳು; ಅವುಗಳಲ್ಲಿ ಬಹುಪಾಲನ್ನು ಯಾರೂ ಎಂದೂ ಓಡಿಸಿರುವುದಿಲ್ಲ. ನಾನು ಅದೇ ಡ್ರೈವರಿನ ಎಲ್‌ಇಡಿ ಭಾಗವನ್ನೂ ಬೇರ್ಪಡಿಸಲು ಹೊರಟು, ಅಳೆದು ನೋಡಿದಾಗ 600 ಬೈಟ್ ಕೂಡ ಉಳಿಯದೆಂದು ತಿಳಿದು ಕೈಬಿಟ್ಟೆ. ಕೋಡ್ ಚಿಕ್ಕದಾಗಿದ್ದು, ಬೇರೆ ಉಪವ್ಯವಸ್ಥೆಯನ್ನು ಎಳೆದು ತರದಿದ್ದರೆ, ಅದು ಇದ್ದಲ್ಲೇ ಇರಲಿ.

ಅಳೆಯಲು ಸ್ಕ್ರಿಪ್ಟ್ಸ್ ಡೈರೆಕ್ಟರಿಯ ಬ್ಲೋಟ್-ಓ-ಮೀಟರ್ ಇದೆ. ಹಳೆಯ ಮತ್ತು ಹೊಸ ವಿಎಂಲಿನಕ್ಸ್ ಕಡತಗಳನ್ನು ಕೊಟ್ಟರೆ ಯಾವ ಫಂಕ್ಷನ್ ಎಷ್ಟು ಬೈಟ್ ಬೆಳೆಯಿತು, ಎಷ್ಟು ಕುಗ್ಗಿತು ಎಂದು ಸಾಲು ಸಾಲಾಗಿ ಹೇಳುತ್ತದೆ. ಅದು ತೋರಿಸುವುದು ಸಂಕುಚಿತಗೊಳಿಸುವ ಮೊದಲಿನ ಗಾತ್ರ. ಫ್ಲಾಶ್‌ಗೆ ಹೋಗುವ ಇಮೇಜ್ ಸಂಕುಚಿತ ರೂಪದಲ್ಲಿರುವುದರಿಂದ ಅಲ್ಲಿ ಉಳಿಯುವ ಜಾಗ ಅದಕ್ಕಿಂತ ಕಡಿಮೆ. ನನಗೆ ಬೇಕಿದ್ದ 11 ಕೆಬಿಯನ್ನು ಡ್ರೈವರಿನ ಕೋಡ್ ಒಂದರಿಂದಲೇ ಗಳಿಸಲಾಗುತ್ತಿರಲಿಲ್ಲ. ಹಾರ್ಡ್‌ವೇರ್ ಮಾನಿಟರ್ ಉಪವ್ಯವಸ್ಥೆಯೂ ಜೊತೆಗೆ ಹೊರಗೆ ಹೋದದ್ದರಿಂದ ಅದು ಸಾಧ್ಯವಾಯಿತು.

ಕಮಿಟ್‌ಗಳನ್ನು ಕಳುಹಿಸುವಾಗ ಕ್ರಮ ಹೀಗಿರಲಿ: ಮೊದಲು ಕೋಡನ್ನು ಹೊಸ ಕಡತಕ್ಕೆ ಸಾಗಿಸಿದ್ದು, ನಂತರ ಹೆಡರ್, ಮೇಕ್‌ಫೈಲ್ ಮತ್ತು ಕೆಕಾನ್ಫಿಗ್ ಮೂರೂ ಒಟ್ಟಿಗೆ. ಈ ಮೂರನ್ನು ಬಿಡಿಸಿದರೆ ನಡುವೆ ಎಲ್ಲೋ ಬಿಲ್ಡ್ ಆಗದ ಕರ್ನಲ್ ಉಳಿಯುತ್ತದೆ. ಎರಡನೆಯ ಕಮಿಟ್‌ನ ವಿವರಣೆಯಲ್ಲಿ ಬ್ಲೋಟ್-ಓ-ಮೀಟರ್‌ನ ಕೊನೆಯ ಸಾಲು, ಬಿಲ್ಡ್ ಮಾಡಿ ನೋಡಿದ ಒಂಬತ್ತು ಜೋಡಿಗಳು, ಮತ್ತು ಬಿಸಿಯಾದಾಗ ವೇಗ ಇಳಿಸುವ ಕೋಡ್ ಈ ಗೆರೆಯ ಯಾವ ಬದಿಯಲ್ಲಿ ಉಳಿದಿದೆ ಎಂಬುದು, ಇಷ್ಟನ್ನು ನಾನು ತಪ್ಪದೆ ಬರೆಯುತ್ತೇನೆ.